ಆಯಿಯ ಉಗುರು, ನನ್ನ ಸೇವೆ

ಸ್ವಲ್ಪ ತಡೆಯಿರಿ, ಇದೊಂದನ್ನು ಕೇಳದೆ ಹೋಗಬೇಡಿ. ಇವತ್ತು ವಾಡಿ ಸ್ಟೇಷನ್ನಿನಲ್ಲಿ ಪಕ್ಕದ ಬೆಂಚಿನವರೊಬ್ಬರು ಟಿಕ್ ಟಿಕ್ ಅಂತ ಉಗುರು ತೆಗೆಯುತ್ತಿದ್ದರು. ಬೇರೆಯವರು ಮುಖ ತಿರುಗಿಸಿದರು. ನಾನು ಮಾತ್ರ ಬಾಯಿಬಿಟ್ಟು ನೋಡುತ್ತಾ ಕುಳಿತೆ. ನನಗೆ ಈ ಹುಚ್ಚು ಹಿಡಿಸಿದ್ದು ಶಹಾಬಾದಿನ ಒಬ್ಬ ಆಯಿ, ಅಂದರೆ ಅಜ್ಜಿ.

ನಮ್ಮ ಚರ್ಚಿನ ಯುವಕರ ತಂಡ ಆಗ ಮಂಗಳವಾರ ಸಂಜೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿತ್ತು. ಸೇವೆ ಒಂದೇ, ಆದರೆ ಒಬ್ಬೊಬ್ಬರಿಗೆ ದೇವರಿಂದ ಒಂದೊಂದು ಕರೆ ಅಂತ ತಂಡದ ಹಿರಿಯಳಾದ ಎಸ್ತೇರಕ್ಕ ಹೇಳುತ್ತಿದ್ದಳು. ಒಬ್ಬರು ಹಾಡುವರು, ಒಬ್ಬರು ಬೈಬಲ್ ವಾಕ್ಯ ಓದುವರು. ನಾನು? ಮೊಬೈಲ್ ನೋಡಿ ಡೋಲಕ್ ಕಲಿತೆ. ಹಾಡು ಸೇಡಂ ಕಡೆ ಹೊರಟರೆ ನನ್ನ ಡೋಲಕ್ ಚಿಂಚೋಳಿ ಬಸ್ಸು ಹತ್ತುತ್ತಿತ್ತು. ವಾಕ್ಯ ವಿವರಿಸಿ ಪ್ರಸಂಗ ಮಾಡಲು ನಿಂತೆ. "ಪ್ರಿಯರೇ" ಅಂದೆ, ಮತ್ತೊಮ್ಮೆ "ಪ್ರಿಯರೇ" ಅಂದೆ, ಕುಳಿತುಬಿಟ್ಟೆ. ದೇವರು ವರ ಹಂಚುವಾಗ ನಾನು ವಾಡಿಯಲ್ಲಿ ಟ್ರೇನಿಗೆ ಕಾಯುತ್ತಿದ್ದೆನೇನೋ! ಈಗ ನಗುತ್ತೇನೆ, ಆಗ ಅಳುವೇ ಬರುತ್ತಿತ್ತು. ತಂಡ ಬಿಡುತ್ತೇನೆಂದು ಎಸ್ತೇರಕ್ಕನಿಗೆ ಹೇಳಿಯೂಬಿಟ್ಟೆ.

"ಇವತ್ತೊಂದಿನ ಬಾರೋ. ಚಪ್ಲಿ ಕಾಯ್ಲಿಕ್ಕರೆ ಒಬ್ರು ಬೇಕಲ್ಲ," ಅಂದಳು.

ಅವತ್ತು ಆಯಿಯ ಮನೆ; ನನ್ನ ಡೋಲಕ್ಕಿನ ಕಾಟ ಅವರು ಮೊದಲೇ ಕಂಡವರು. ಹಾಡು ಮುಗಿದು ಪ್ರಾರ್ಥನೆಗೆ ಕೈ ಹಿಡಿಯಲು ಹೋದರೆ ಆಯಿ ಕೈಯನ್ನು ಚಾದರದಿಂದ ಹೊರಗೇ ತೆಗೆಯಲಿಲ್ಲ.

"ಯಾಕ್ರಿ ಆಯಿ?" ಅಂದೆ.

"ನಾಚ್ಕಿ ಬರ್ತದ ತಮ್ಮಾ. ಉಗುರು ನೋಡಿದ್ರ ಕರಡಿ ಅಂತಿ. ಸೊಸಿಗಿ ಕಣ್ಣು ಕಾಣಂಗಿಲ್ಲ, ಮಗ ಕಲ್ಲಿನ ಖಣಿಯಿಂದ ಬಂದ್ ಬಿದ್ಕೋತಾನ. ಯಾರಿಗಿ ಹೇಳ್ಲಿ?"

ಕೀಲಿಗೊಂಚಲಿನಲ್ಲಿದ್ದ ನೇಲ್ ಕಟರ್ ತೆಗೆದೆ. ಆಯಿ ಹೌಹಾರಿದರು.

"ಏ ಹುಚ್ಚ! ಮಂಗಳವಾರ, ಅದೂ ದೀಪ ಹಚ್ಚೋ ಹೊತ್ತಿನ್ಯಾಗ ಉಗುರು ತೆಗೀತಾರೇನೋ? ಮನಿಗಿ ದರಿದ್ರ..." ಅಂದವರು ಗೋಡೆಯ ಮೇಲಿನ ಶಿಲುಬೆ ನೋಡಿ ನಾಲಿಗೆ ಕಚ್ಚಿಕೊಂಡರು. ಎಸ್ತೇರಕ್ಕ ನಗು ತಡೆಯಲಾರದೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು.

"ಹಂಗಾದ್ರ ನಾಳಿ ಮುಂಜಾನಿ ಬರ್ಲೇನ್ರಿ?"

"ಬಾ. ಡೋಲಕ್ ಮಾತ್ರ ತರಬ್ಯಾಡ."

ಮರುದಿನ ಒಬ್ಬನೇ ಹೋದೆ. ಬೋಗುಣಿಯ ಬಿಸಿನೀರಿನಲ್ಲಿ ಅವರ ಬೆರಳು ನೆನೆಯಿಟ್ಟು, ಮಗುವಿನ ಉಗುರು ತೆಗೆದಂತೆ ನಿಧಾನಕ್ಕೆ ತೆಗೆದೆ. ನನಗೆ ಮಾತು ಬೇಕಾಗಲಿಲ್ಲ, ತಾಳವೂ ತಪ್ಪಲಿಲ್ಲ. ಮುಗಿದ ಮೇಲೆ ಆಯಿ ತಾವಾಗಿಯೇ ಎರಡೂ ಕೈ ನನ್ನ ತಲೆಯ ಮೇಲಿಟ್ಟು ಪ್ರಾರ್ಥಿಸಿದರು. ಆಮೆನ್ ಹೇಳಿದವರೇ ಒಂದು ಕಣ್ಣು ತೆರೆದು, "ಕಾಲಿನವು ಮುಂದಿನ ಬುಧವಾರ. ತಪ್ಪಿಸ್ಬ್ಯಾಡ," ಅಂದರು.

ಇನ್ನು ತಂಡ ಬಿಡುವುದು ಹೇಗೆ ಹೇಳಿ?

ಈಗ ಇಡೀ ತಂಡವೇ ಬುಧವಾರ ಬೆಳಿಗ್ಗೆ ಹೋಗುತ್ತದೆ. ಹಾಡುವವರು ಹಾಡುತ್ತಾರೆ, ನಾನು ಮಂಚದ ಕಾಲ್ದೆಸೆಯಲ್ಲಿ ಕೂರುತ್ತೇನೆ. ಇಗೋ, ಚಿತ್ತಾಪುರಕ್ಕೆ ಹೋಗುವ ಟ್ರೇನು ಬಂತು. ಅಲ್ಲೊಬ್ಬ ತಾತ ನೀರು ಕಾಯಿಸಿಟ್ಟುಕೊಂಡು ಕೂತಿರುತ್ತಾರೆ.

ನಿಮಗೂ ಹೀಗೆ, ಯಾರೂ ಹೆಸರಿಡದ ಒಂದು ಕೆಲಸ ಎಲ್ಲಾದರೂ ಕಾಯುತ್ತಿತ್ತೇ? ಹೇಗೆ ಸಿಕ್ಕಿತು? ಬರೆದು ತಿಳಿಸಿ. ದಾರಿಯುದ್ದಕ್ಕೂ ಓದುತ್ತೇನೆ.