ಕಾಶಿ ಕಾಣದ ಗಿಂಡಿ

ಸುಮತಿ, ಆ ಬೆಳಿಗ್ಗೆ ನಿನ್ನ ಅಪ್ಪನ ಬಾಯಿಗೆ ನಾನು ಬಿಟ್ಟ ನೀರು ಗಂಗೆಯಲ್ಲ.

ಸಯನ್ನಿನ ನಿಮ್ಮ ಮನೆಯ ಆ ಕೋಣೆಯಲ್ಲಿ ಇದ್ದವರು ನಾವಷ್ಟೇ. ಮಂಚದ ಮೇಲೆ ಶ್ರೀಪತಿ ಮಾವ, ಅವರ ಕಾಲ ಬಳಿ ನಿನ್ನ ಅಮ್ಮ, ತಲೆಯ ಹತ್ತಿರ ನೀನು. ಕಿಟಕಿಗೆ ಒರಗಿ ನನ್ನ ಅತ್ತೆ—ಮಾವನ ಬೆನ್ನಿಗೆ ಬಿದ್ದ ತಂಗಿ. ಮತ್ತೆ ನಾನು, ಯಾವ ಹೊತ್ತಿಗೂ ಕೈ ನಡುಗದವಳು ಎಂದು ಹೆಸರಾದವಳು. ದೇವರ ಕೋಣೆಯಿಂದ ತಾಮ್ರದ ಪುಟ್ಟ ಗಿಂಡಿಯನ್ನು ತಂದು ನನ್ನ ಕೈಯಲ್ಲಿಟ್ಟವಳು ನೀನೇ. ‘‘ಅತ್ತಿಗೆ, ನನ್ನಿಂದ ಆಗುದಿಲ್ಲ, ನೀವೇ ತೆಗೀರಿ’’ ಎಂದೆ. ನಾನು ಚಾಕುವಿನ ತುದಿಯಿಂದ ಅದರ ಬಾಯಿಯ ಬೆಸುಗೆ ಎಬ್ಬಿಸಿದೆ. ಆ ಸದ್ದಿಗೆ ಮಾವ ಕಣ್ಣು ಬಿಟ್ಟರು.

‘‘ಕಾಶಿಯದಾ?’’

‘‘ಹೌದು ಮಾವ. ಕಾಶಿಯದೇ.’’

ಕಾಶಿಯದಲ್ಲ. ಆಫ್ರಿಕಾದ್ದು. ಮೊಂಬಾಸಾದಿಂದ ಒಳನಾಡಿಗೆ ಹೋದರೆ ಸಿಗುವ ಅಭಯಾರಣ್ಯದಲ್ಲಿ, ಆನೆಗಳು ಮಿಂದು ಹೋಗುವ ಒಂದು ಹೊಳೆಯದ್ದು.

ಮೊದಲೇ ಹೇಳಿಬಿಡುತ್ತೇನೆ—ಅಲ್ಲಿಗೆ ಹೋದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಾಳೆ ಹೊರಡು ಎಂದರೆ ಈ ಮುರುಕು ಮೊಣಕಾಲನ್ನು ಎಳೆದುಕೊಂಡು ಇನ್ನೊಮ್ಮೆ ಹೋದೇನು. ಕೇಳಬೇಕಾದದ್ದು ಬೇರೆಯದಕ್ಕೆ. ಅದಕ್ಕೆ ಬರುತ್ತೇನೆ—ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತುಂಟು.

ನಿನ್ನ ಸೋದರತ್ತೆ ಗಂಡನನ್ನು ಕಳೆದುಕೊಂಡಾಗ ನನ್ನವರು ತೊಟ್ಟಿಲಲ್ಲಿದ್ದರು. ಆಮೇಲೆ ಅವರ ಬದುಕೆಲ್ಲ ಹಪ್ಪಳ. ಘಾಟ್ಕೋಪರಿನ ನಮ್ಮ ಚಾಳಿನ ಗಚ್ಚಿಯ ಮೇಲೆ ಉದ್ದಿನದು, ಹಲಸಿನದು ಒಣಗಿಸಿ ಮಾಟುಂಗದ ಹೋಟೆಲುಗಳಿಗೆ ಕೊಡುತ್ತಿದ್ದರು. ಮಗನನ್ನು ಓದಿಸಿದ್ದು ಅದರಿಂದಲೇ. ಮಗ ಸಂಬಳ ತರತೊಡಗಿದ ಮೇಲೂ ಲಟ್ಟಣಿಗೆ ಬಿಡಲಿಲ್ಲ. ಹಾಗೆ ಕೂಡಿದ ಹಣ ಅವರದು, ಬೇರೆ ಯಾರದೂ ಅಲ್ಲ. ಆದರೆ ಅದು ಎಲ್ಲಿಗೆ ಹೋಗಬೇಕೆಂದು ಹೇಳಿದವರು ನಿನ್ನ ಅಪ್ಪ. ನಮ್ಮ ಮನೆಯಲ್ಲೇ ಕೂತು, ಕಾಫಿಯ ಲೋಟ ಕೆಳಗಿಡುತ್ತ ಹೇಳಿದರು: ‘‘ಕಾಶಿಗೆ ಹೋಗಿ ಬಾ. ಇನ್ನು ನಿನಗೆ ಬೇರೆ ಎಂತ ಉಂಟು?’’

ಪ್ರೀತಿಯಿಂದಲೇ ಹೇಳಿದ್ದು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಆ ‘ಬೇರೆ ಎಂತ ಉಂಟು’—

ಬೇರೆಯದೂ ಇತ್ತು. ನನ್ನ ಮಗುವನ್ನು ರಾಣಿಬಾಗಿನ ಮೃಗಾಲಯಕ್ಕೆ ಕರೆದುಕೊಂಡು ಹೋದಾಗಲೆಲ್ಲ ಅತ್ತೆ ಸಿಂಹದ ಪಂಜರದ ಎದುರು ನಿಂತುಬಿಡುತ್ತಿದ್ದರು. ಅದು ಆ ಗೋಡೆಯಿಂದ ಈ ಗೋಡೆಗೆ ನಡೆಯುವುದು, ತಿರುಗುವುದು, ಮತ್ತೆ ನಡೆಯುವುದು. ಒಂದು ದಿನ ಬಸ್ಸಿನಲ್ಲಿ, ಸಾರಿಗೆ ಉಪ್ಪು ಕಡಿಮೆ ಎನ್ನುವ ಹಾಗೆ, ಅಂದರು: ‘‘ಅದರ ಊರಲ್ಲಿ ಅದು ಹೇಗಿರ್ತದೆ ಅಂತ ಒಮ್ಮೆ ನೋಡ್ಬೇಕಿತ್ತು.’’

ನಮ್ಮ ಪಕ್ಕದ ಖೋಲಿಯಲ್ಲಿ ಕಾಂಚನಬೆನ್ ಇದ್ದಳಲ್ಲ, ಸ್ಟೇಷನ್ ಹತ್ತಿರ ಕಿರಾಣಿ ಅಂಗಡಿಯವಳು—ಅವಳ ಕಿವಿಗೆ ಇದನ್ನು ಹಾಕಿದೆ. ‘‘ಅರೇ, ಮೇರಾ ಭಾಯಿ ಹೈ ನಾ ಉಧರ್’’ ಅಂದಳು. ಮೊಂಬಾಸಾದಲ್ಲಿ ಅವಳ ಅಣ್ಣನದು ಕಬ್ಬಿಣದ ಸಾಮಾನಿನ ಅಂಗಡಿ, ಮನೆಯಲ್ಲಿ ದೊಡ್ಡ ಗಾಡಿ.

ಅಲ್ಲಿಂದ ಲೆಕ್ಕ ಶುರುವಾಯಿತು. ಎಲ್ಲ ಬಾಯಿಲೆಕ್ಕ, ಹಪ್ಪಳ ಲಟ್ಟಿಸುತ್ತ. ನನ್ನವರು ಬಂದರಿನ ಒಂದು ಹಡಗು ಏಜಂಟರ ಆಫೀಸಿನಲ್ಲಿ ಗುಮಾಸ್ತರು; ಅತಿ ಕಡಿಮೆಯ ದರ್ಜೆಯ ಟಿಕೆಟಿಗೆ ಎಷ್ಟೆಂದು ಅವರೇ ತಿಳಿದುಕೊಂಡು ಬಂದರು. ಇಬ್ಬರು ಹೋಗಿ ಬರಲು ಅತ್ತೆಯ ಗಂಟು ಸರಿಹೋಗುತ್ತಿತ್ತು, ಆದರೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿನ ಖರ್ಚು? ಸರಕಾರ ಆಗ ಪ್ರಯಾಣಿಕರ ಕೈಗೆ ಕೊಡುತ್ತಿದ್ದ ಹೊರದೇಶದ ಹಣ ಚಹಾ ಕುಡಿಯಲಿಕ್ಕೂ ಸಾಲದು. ಕಾಂಚನಬೆನ್ನಳ ಅಣ್ಣ ಊಟ, ಗಾಡಿ, ಪೆಟ್ರೋಲು, ಕಾಡಿನ ಗೇಟಿನ ಟಿಕೆಟು ಎಲ್ಲ ತನ್ನದೆಂದ. ಅತ್ತೆ ಒಪ್ಪಲಿಲ್ಲ. ಧರ್ಮಕ್ಕೆ ಸಿಂಹ ನೋಡುವುದಿಲ್ಲ ಎಂದು ಕೂತರು. ಕೊನೆಗೆ ಕಾಂಚನಬೆನ್ನಳ ಅಂಗಡಿಗೆ ವರ್ಷವಿಡೀ ಹಪ್ಪಳ ಕೊಡುವುದೆಂದು ತೀರ್ಮಾನವಾಯಿತು.

‘‘ಪೆಟ್ರೋಲಿಗೆ ಉದ್ದಿನದು, ಗೇಟಿಗೆ ಹಲಸಿನದು’’ ಎಂದು ಅತ್ತೆ ಹಂಚಿದರು.

‘‘ಖಾರದ್ದು ಯಾವುದಕ್ಕೆ ಅತ್ತೆ?’’

‘‘ಸಿಂಹ ತೋರಿಸದಿದ್ರೆ ಅವನ ಬಾಯಿಗೆ.’’

ಕಾಡಿನೊಳಗಿನ ಬಂಗಲೆಯ ಬಾಡಿಗೆ ಕೇಳಿ ಇಬ್ಬರೂ ನಕ್ಕುಬಿಟ್ಟೆವು. ಅದನ್ನು ಕೈಬಿಟ್ಟು, ಗೇಟಿನ ಹತ್ತಿರದ ಪುಟ್ಟ ಊರಿನಲ್ಲಿ ಆ ಅಣ್ಣನ ನೆಂಟರ ಮನೆ ಎಂದಾಯಿತು. ಮಳೆ ಮುಗಿದ ಹೊಸತರಲ್ಲಿ ಹುಲ್ಲು ಆಳೆತ್ತರ ಇರುತ್ತದೆ, ಮೃಗಗಳು ಕಾಣುವುದಿಲ್ಲ; ಒಣಗಿದ ಮೇಲೆ ಅವು ತಾವಾಗಿಯೇ ನೀರಿಗೆ ಬರುತ್ತವೆ ಎಂದು ತಿಳಿಯಿತು. ಸಂಕ್ರಾಂತಿ ಕಳೆದ ಮೇಲೆ ಹೊರಟರೆ ಕಡಲೂ ಸುಮ್ಮನಿರುತ್ತದೆ. ಅತ್ತೆಯ ಮಡಿಯಿಂದ ನಮಗೆ ಉಳಿತಾಯವೇ ಆಯಿತು—ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಒಂದು ಸ್ಟೌ, ನೀರಿಗೆ ಹಿತ್ತಾಳೆಯ ಕೊಡಪಾನ. ಕ್ಯಾಮರಾ ಬೇಡವೆಂದೆವು. ಫೋಟೋ ಎಂದರೆ ಸಾಕ್ಷಿ. ಪಾಸ್‌ಪೋರ್ಟಿಗೆ ತೆಗೆಸಿದ್ದೇ ಅತ್ತೆಯ ಜನ್ಮದ ಮೊದಲ ಫೋಟೋ. ನೋಡಿ, ‘‘ಇಷ್ಟು ಮುದುಕಿಯಾ ನಾನು?’’ ಎಂದು ಅರ್ಧ ದಿನ ಮಾತು ಬಿಟ್ಟಿದ್ದರು.

ಇಷ್ಟು ಗುಟ್ಟು ಯಾಕೆ ಎಂದು ನೀನು ಕೇಳಲಾರೆ. ತಮ್ಮ ಬಾಲ್ಯದ ಗೆಳೆಯನ ಮಗ ಲಂಡನ್ನಿಗೆ ಹೋಗಿಬಂದನೆಂದು ಆ ಗೆಳೆಯನ ಮನೆಯಲ್ಲೇ ನೀರು ಮುಟ್ಟುವುದನ್ನು ಬಿಟ್ಟವರು ನಿನ್ನ ಅಪ್ಪ. ಅತ್ತೆಗೆ ತವರು ಎಂದರೆ ಅವರೊಬ್ಬರೇ. ಸಮುದ್ರ ದಾಟಿದಳು ಎಂದು ಗೊತ್ತಾದರೆ ಆ ಬಾಗಿಲೂ ಮುಚ್ಚುತ್ತಿತ್ತು. ಅಣ್ಣ ಬೇಕು, ಸಿಂಹವೂ ಬೇಕು—ಎರಡೂ ಬೇಕೆಂದರೆ ಸುಳ್ಳಲ್ಲದೆ ಬೇರೆ ದಾರಿ ಇರಲಿಲ್ಲ. ಹೇಳಿದೆವು.

ಚುಚ್ಚುಮದ್ದಿನಿಂದ ಅತ್ತೆಯ ತೋಳು ಬಾತುಕೊಂಡದ್ದನ್ನು ಮಾವ ನೋಡಿದರು. ‘‘ಎಂತ ಆಯ್ತು?’’ ಎಂದರು. ‘‘ಯಾತ್ರೆಯ ಸೂಜಿ’’ ಎಂದರು ಅತ್ತೆ. ಕಾಶಿಗೆ ಹೋಗುವವರಿಗೂ ಆಗ ಕಾಲರಾದ ಸೂಜಿ ಇತ್ತು, ಮಾವ ತಲೆದೂಗಿದರು. ಕಳಿಸಿಕೊಡಲು ವಿ.ಟಿ. ಸ್ಟೇಷನ್ನಿಗೂ ಬಂದರು, ನೆನಪಿದೆಯೇ, ನೀನೂ ಇದ್ದೆ. ಕಿಟಕಿಯ ಸರಳಿನ ಮೇಲೆ ತಂಗಿಯ ಕೈ ಹಿಡಿದು, ‘‘ನನ್ನ ಹೆಸರಲ್ಲೊಂದು ಮುಳುಗು ಹಾಕು’’ ಎಂದರು. ರೈಲು ಹೊರಟಿತು. ನಮ್ಮ ಟಿಕೆಟು ಕಲ್ಯಾಣದವರೆಗೆ ಮಾತ್ರ. ಅಲ್ಲಿ ಇಳಿದು, ಲೋಕಲ್ ರೈಲಿನಲ್ಲಿ ಘಾಟ್ಕೋಪರಿಗೇ ವಾಪಸು ಬಂದು, ಕಾಂಚನಬೆನ್ನಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಳಿದು, ಮರುದಿನ ಹಡಗು ಹತ್ತಿದೆವು.

ಅಲ್ಲಿ ಕಂಡದ್ದನ್ನೆಲ್ಲ ಹೇಳಲು ಹೊರಟರೆ ಇದು ಮುಗಿಯುವುದಿಲ್ಲ. ಒಂದು ಹೇಳುತ್ತೇನೆ. ಸಿಂಹ ಸಿಕ್ಕಿತು—ಮುಳ್ಳಿನ ಮರದ ಕೆಳಗೆ, ನಾಲ್ಕು ಕಾಲೂ ಮೇಲೆ ಮಾಡಿ, ಹೊಟ್ಟೆ ತೋರಿಸಿಕೊಂಡು ನಿದ್ದೆ. ಗಾಡಿ ನಿಲ್ಲಿಸಿ ಕಾದೆವು. ಅದು ಏಳಲಿಲ್ಲ. ‘‘ಇಷ್ಟು ದೂರ ಬಂದದ್ದು ಇದರ ನಿದ್ದೆ ನೋಡ್ಲಿಕ್ಕಾ ಅತ್ತೆ?’’ ಎಂದೆ.

‘‘ಹೌದು ಮಾರಾಯ್ತಿ’’ ಎಂದರು. ‘‘ಅಲ್ಲಿ ಪಂಜರದಲ್ಲಿ ಅದು ನಿದ್ದೆಯೇ ಮಾಡಿರ್ಲಿಲ್ಲ.’’

ಸಂಜೆ ಹೊಳೆಯ ಹತ್ತಿರ, ಇಳಿಯಬಹುದು ಎಂದು ಕಾವಲಿನವನು ತೋರಿಸಿದ ಜಾಗದಲ್ಲಿ, ಗಾಡಿಯಿಂದ ಇಳಿದೆವು. ಆಚೆ ದಡದಲ್ಲಿ ಆನೆಯ ಹಿಂಡು. ಮಣ್ಣು ಮೆತ್ತಿಕೊಂಡು ಎಲ್ಲ ಕಾವಿ ಬಣ್ಣ, ಸನ್ಯಾಸಿಗಳ ಹಾಗೆ. ಅತ್ತೆ ಚೊಂಬಿನಲ್ಲಿ ನೀರು ತೆಗೆದು ತಲೆಯ ಮೇಲೆ ಸುರಿದುಕೊಂಡರು. ಇನ್ನೊಂದು ಚೊಂಬು ಸುರಿದುಕೊಂಡು, ‘‘ಇದು ಅಣ್ಣನದ್ದು’’ ಎಂದರು. ಕೊಡಪಾನವನ್ನು ತುಂಬಿಸಿ ಬಟ್ಟೆ ಕಟ್ಟಿದರು. ಯಾಕೆ ಎಂದು ಕೇಳಿದ್ದಕ್ಕೆ, ‘‘ನನಗೆ’’ ಎಂದಷ್ಟೇ ಹೇಳಿದರು.

ಈಗ ನನ್ನ ತಪ್ಪಿಗೆ ಬಂದೆ.

ಎಲ್ಲ ಲೆಕ್ಕ ಹಾಕಿದ ನಾವು ಗಂಗೆಯನ್ನು ಮರೆತಿದ್ದೆವು. ಕಾಶಿಗೆ ಹೋದವರು ಬಂಧುಗಳಿಗೆ ಗಂಗೆಯ ಗಿಂಡಿ ತಂದು ಹಂಚಬೇಕಲ್ಲ. ಹಡಗು ಇಳಿದ ದಿನ ಅದು ನೆನಪಾಯಿತು. ಭುಲೇಶ್ವರದಲ್ಲಿ ಕಾಶಿಯಿಂದಲೇ ಬಂದ, ಬೆಸುಗೆ ಹಾಕಿದ ಗಿಂಡಿಗಳು ಸಿಗುತ್ತಿದ್ದವು. ನನಗೆ ಗೊತ್ತಿತ್ತು. ಕೊಳ್ಳುವಷ್ಟು ದುಡ್ಡೂ ಇತ್ತು. ನಾನು ಕೊಂಡದ್ದು ಖಾಲಿ ಗಿಂಡಿಗಳನ್ನು. ಕೊಡಪಾನದ ನೀರನ್ನು ಅವುಗಳಿಗೆ ತುಂಬಿಸಿದೆ. ‘‘ಅದು ಬೇಡ ಮಗಳೇ’’ ಎಂದು ಅತ್ತೆ ಒಮ್ಮೆ ಹೇಳಿದರು. ‘‘ನಿಮಗೆ ಅದೇ ಗಂಗೆ ಅಲ್ವಾ?’’ ಎಂದು ಬಾಯಿ ಮುಚ್ಚಿಸಿದೆ. ಬೆಸುಗೆ ಹಾಕಿದ ಕಲಾಯಿಯವನು ‘‘ಇಸ್ ಮೇ ಕ್ಯಾ ಹೈ ಬಾಯಿ?’’ ಎಂದ. ಗಂಗಾಜಲ ಎಂದೆ. ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಕೊಟ್ಟ, ಕೂಲಿ ಮುಟ್ಟಲಿಲ್ಲ. ಅಲ್ಲಾದರೂ ನಾನು ನಿಲ್ಲಬೇಕಿತ್ತು—

ಯಾಕೆ ಹಾಗೆ ಮಾಡಿದೆ? ಅವಸರವಲ್ಲ, ಬಡತನವಲ್ಲ. ನನಗೆ ಅದರಲ್ಲೊಂದು ಮಜಾ ಇತ್ತು ಸುಮತಿ. ‘ಬೇರೆ ಎಂತ ಉಂಟು’ ಎಂದವರು ಆ ಬೇರೆಯದಕ್ಕೇ ಕೈಮುಗಿಯಲಿ ಎಂದು. ನಿಮ್ಮ ಮನೆಯಲ್ಲಿ ನಡೆದ ಗಂಗಾ ಸಮಾರಾಧನೆಯ ದಿನ ಮಾವ ಆ ಗಿಂಡಿಗಳಿಗೆ ಹೂವೇರಿಸಿ ಸಾಷ್ಟಾಂಗ ಬಿದ್ದಾಗ, ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೆ. ಕಾಶಿಗೆ ಹೋದವರು ಇಷ್ಟದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕಲ್ಲ, ಎಂತ ಬಿಟ್ಟಿರಿ ಎಂದು ಹೆಂಗಸರು ಕೇಳಿದರು. ನಾನು ಹಾಗಲಕಾಯಿ ಎಂದೆ; ಅದನ್ನು ನಾನು ಮೊದಲೇ ತಿನ್ನುತ್ತಿರಲಿಲ್ಲ. ಅತ್ತೆ ಹಲಸು ಎಂದರು. ಆಮೇಲೆ ಸಾಯುವವರೆಗೂ ಹಲಸಿನ ಹಪ್ಪಳ ಮಾಡಿದರು. ಉಪ್ಪು ನೋಡಲು ಕೂಡ ಒಂದು ಚೂರು ನಾಲಿಗೆಗೆ ಹಚ್ಚಲಿಲ್ಲ. ಒಂದೇ ಸುಳ್ಳನ್ನು ನಾವಿಬ್ಬರೂ ಹೇಳಿದ್ದೆವು. ಅವರು ಅದಕ್ಕೆ ಬಾಡಿಗೆ ಕಟ್ಟುತ್ತ ಬಂದರು, ನಾನು ಕಟ್ಟಲಿಲ್ಲ.

ಮತ್ತೆ ಆ ಬೆಳಿಗ್ಗೆ. ‘ಕಾಶಿಯದಾ’ ಎಂದು ಮಾವ ಕೇಳಿದಾಗ ನನಗೆ ಸಮಯವಿತ್ತು. ಕೆಳಗಿನ ಮನೆಯವರ ದೇವರ ಕೋಣೆಯಲ್ಲಿ ನಿಜವಾದ ಗಿಂಡಿ ಇದೆಯೆಂದು ಗೊತ್ತಿತ್ತು. ಒಂದು ಮಹಡಿ ಇಳಿದು ಹತ್ತುವಷ್ಟು ಕೆಲಸ. ನಾನು ಇಳಿಯಲಿಲ್ಲ. ಇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅತ್ತೆ ಕಿಟಕಿಯ ಬಳಿಯಿಂದ ನನ್ನನ್ನು ನೋಡಿದರು. ನಾನು ಅವರನ್ನು ನೋಡಲಿಲ್ಲ. ಮಾವ ಸಮಾಧಾನದಿಂದ ಹೋದರು ಎಂದು ನೀನು ಇವತ್ತಿಗೂ ಹೇಳುತ್ತೀ. ಹೌದು, ಹೋದರು. ಅದನ್ನು ನನ್ನ ಪರವಾಗಿ ನಾನು ಎತ್ತುವುದಿಲ್ಲ. ಆ ಸಮಾಧಾನ ಅವರ ನಂಬಿಕೆಯದು, ನಾನು ಕೊಟ್ಟದ್ದಲ್ಲ.

ಆ ದಿನ ಸಂಜೆ ಲೋಕಲ್ಲಿನಲ್ಲಿ ಘಾಟ್ಕೋಪರಿಗೆ ಮರಳುವಾಗ ಅತ್ತೆ ಒಂದೇ ಮಾತು ಆಡಿದರು. ‘‘ನೀರಿನದ್ದೇನೂ ತಪ್ಪಿಲ್ಲ.’’ ಅಷ್ಟೇ.

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಈಗ ಯಾಕೆ ತೆಗೆದೆ? ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದವಳು ನೀನು ನನ್ನ ಕೈ ಹಿಡಿದು, ‘‘ಅತ್ತಿಗೆ, ನನ್ನ ಕೊನೆಗಾಲಕ್ಕೂ ನೀವೇ ಹಾಕಿ. ಅತ್ತೆ ತಂದದ್ದು ಇನ್ನೊಂದುಂಟಲ್ಲ, ಅದನ್ನೇ’’ ಎಂದೆ. ನಾನು ಹೂಂ ಎನ್ನಲಿಲ್ಲ, ನೀನು ಗಮನಿಸಲಿಲ್ಲ. ಕೇಳದೆ ಇನ್ನೊಮ್ಮೆ ಹಾಕುವುದಿಲ್ಲ. ಕಾಶಿಯಿಂದಲೇ ಒಂದು ಗಿಂಡಿ ತರಿಸಿದ್ದೇನೆ; ನಿನ್ನ ದೇವರ ಕೋಣೆಯಲ್ಲಿ ನಮ್ಮದರ ಪಕ್ಕ ಇಡುತ್ತೇನೆ. ಯಾವುದೆಂದು ನೀನು ಹೇಳು. ‘ಎರಡೂ ನಿಮ್ಮ ಕೈಯಿಂದ ಬೇಡ’ ಎನ್ನುವುದಾದರೆ, ಅದನ್ನೂ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ.

ಇನ್ನೊಂದು ಸಂಗತಿಯೂ ನಿನಗೆ ಗೊತ್ತಿಲ್ಲ. ಅಪ್ಪನ ಅಸ್ಥಿ ಬಿಡಲು ಕಾಶಿಗೆ ಹೋದಾಗ ನೀನೊಂದು ಗಿಂಡಿ ತಂದಿದ್ದೆ. ಅತ್ತೆಯ ಕೊನೆಯ ದಿನ ಅದನ್ನು ಘಾಟ್ಕೋಪರಿಗೆ ತಂದವಳೂ ನೀನೇ. ಚಮಚ ತುಟಿಗೆ ತಾಗಿಸಿದಾಗ ಅತ್ತೆ ಬಾಯಿ ಬಿಗಿದುಕೊಂಡರು. ಪ್ರಜ್ಞೆ ತಪ್ಪಿದೆ ಎಂದುಕೊಂಡು ನೀನು ಡಾಕ್ಟರನ್ನು ಕರೆಯಲು ಕೆಳಗೆ ಓಡಿದೆ. ಆಗ ಅತ್ತೆ ಕಣ್ಣು ಬಿಟ್ಟು ಹಪ್ಪಳದ ಡಬ್ಬಿಯ ಕಡೆಗೆ ನೋಡಿದರು. ಅದರ ಹಿಂದೆ ನಮ್ಮ ಹೊಳೆನೀರಿನ ಗಿಂಡಿ ಇತ್ತು. ತೆಗೆದು ಬೆಸುಗೆ ಎಬ್ಬಿಸಿದೆ. ‘‘ಇದು ಎಲ್ಲಿಯ ನೀರು ಗೊತ್ತುಂಟಲ್ಲ ಅತ್ತೆ?’’ ಎಂದು ಕೇಳಿದೆ. ಅವರು ಬಾಯಿ ತೆರೆದರು. ಕುಡಿದರು. ಗಲ್ಲಕ್ಕೆ ಇಳಿದ ಹನಿಯನ್ನು ತಾವೇ ಬೆರಳಿನಿಂದ ಒತ್ತಿ ನಾಲಿಗೆಗೆ ಹಚ್ಚಿಕೊಂಡರು. ನೀನು ಡಾಕ್ಟರನ್ನು ಕರೆದುಕೊಂಡು ಮೇಲೆ ಬಂದಾಗ ನಾನು ಬಚ್ಚಲ ಮೋರಿಯ ಬಳಿ ಕೂತು ಆ ಗಿಂಡಿ ತೊಳೆಯುತ್ತಿದ್ದೆ.