ಮಂಜಿಗೆ ಹೆದರುವ ನೊಟ್‌ಬುರ್ಗಾ

ಶರತ್ಕಾಲದಲ್ಲಿ ನಮ್ಮ ಟಿರೋಲ್ ಕಣಿವೆಯನ್ನು ಸುತ್ತಿ ಬರುವ ಚಾರಣಿಗರಿಗೆ ಬೆಟ್ಟದ ಗುಡಿಸಲಿನಲ್ಲಿ ಸೂಪು ಬಡಿಸುವ ನೊಟ್‌ಬುರ್ಗಾಗೆ ಮೋಡ ಕಂಡರೇ ಭಯ. ಬಿಸಿಲಿದ್ದರೂ ಹೊರಟವರ ತೋಳು ಹಿಡಿದು, "ಮಂಜು ಇಳಿದ್ರೆ ಬೆಟ್ಟ ನುಂಗತ್ತೆ, ವಾಪಸ್ ಬಂದ್ಬಿಡ್ರಪ್ಪ" ಎನ್ನುತ್ತಾಳೆ. "ಇವ್ಳು ತನ್ನ ಸೂಪಿನ ಹಬೆಗೂ ಹೆದರ್ತಾಳೆ" ಎಂದು ಊರವರು ನಗುತ್ತಾರೆ. ಮೊನ್ನೆ ನಿಜಕ್ಕೂ ಮಂಜು ಕವಿಯಿತು. ಮೇಲೆ ಹೋದ ಗಂಡ ಹೆಂಡತಿ ಹಿಂತಿರುಗಲಿಲ್ಲ. ನೊಟ್‌ಬುರ್ಗಾ ಬಾಗಿಲಲ್ಲಿ ನಿಂತು ಹಸುವಿನ ಗಂಟೆ ಬಾರಿಸುತ್ತಲೇ ಇದ್ದಳು. ಆ ಸದ್ದಿನ ಜಾಡು ಹಿಡಿದು ಇಬ್ಬರೂ ನಡುಗುತ್ತಾ ಇಳಿದು ಬಂದರು. ಗಂಟೆ ಮಾತ್ರ ನಿಲ್ಲಲಿಲ್ಲ. "ಎಲ್ರೂ ಬಂದಾಯ್ತು, ಸಾಕು ನಿಲ್ಸು ನೊಟ್‌ಬುರ್ಗಾ ಅತ್ತೆ" ಎಂದು ಪಕ್ಕದಲ್ಲಿದ್ದ ನಾನು ಹೇಳಿದೆ. "ಲೊರೆಂಟ್ಸ್ ಬಂದಿಲ್ವಲ್ಲ" ಎಂದಳು. ಅವಳ ಗಂಡ ಲೊರೆಂಟ್ಸ್ ಆ ಬೆಟ್ಟದ ದಾರಿಯಲ್ಲಿ ಕಾಣೆಯಾದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ.