ಸಾಗರದಲ್ಲೊಂದು ಖಾನಾವಳಿ

ಬಾಗಿಲು ತೆರೆದ ದಿನ ನಮ್ಮಲ್ಲಿಗೆ ಮೊದಲು ಬಂದವನು ಒಬ್ಬ ಎತ್ತಿನ ಗಾಡಿಯವನು. ಕೈಕಾಲು ತೊಳೆದು, ಮಣೆ ಎಳೆದುಕೊಂಡು ಕೂತು, ನಾನು ಎಲೆ ಹಾಕುವ ಮೊದಲೇ "ಇವತ್ತು ಎಂತ ಅಮ್ಮಾ, ಕೋಳಿಯಾ ಕುರಿಯಾ?" ಎಂದು ಕೇಳಿದ. ನನ್ನ ಹಣೆಯ ಮೇಲೆ ವಿಭೂತಿ ಇತ್ತು. ಎದುರಿನ ಗೋಡೆಯಲ್ಲಿ ಬಸವಣ್ಣನವರ ಪಟಕ್ಕೆ ಆಗತಾನೇ ಹೂ ಏರಿಸಿದ್ದೆ. ಬಾಗಿಲ ಮೇಲಿನ ಹಲಗೆಯಲ್ಲಿ 'ಬಸವೇಶ್ವರ ಖಾನಾವಳಿ' ಎಂಬ ದಪ್ಪ ಅಕ್ಷರಗಳ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಎಣಗಾಯಿ ಪಲ್ಯ, ಜೋಳದ ರೊಟ್ಟಿ ಎಂದೆ. ಅವನು ನಂಬದವನಂತೆ ಒಲೆಯ ಕಡೆ ಒಮ್ಮೆ ಇಣುಕಿ ನೋಡಿ, ಮುಖ ಗಂಟು ಹಾಕಿಕೊಂಡು ಎದ್ದು ಹೋದ.

ಗದಗಿನಲ್ಲಿ ಕೂತು ಇದನ್ನು ಓದುವವರಿಗೆ ನಗು ಬರಬಹುದು. ನನಗೆ ಅಂದು ನಗು ಬರಲಿಲ್ಲ. ನಮ್ಮ ಕಡೆ ಖಾನಾವಳಿ ಎಂದರೆ ರೊಟ್ಟಿ ಪಲ್ಯದ ಊಟದ ಮನೆ ಎಂದು ಕೂಸಿಗೂ ಗೊತ್ತು. ನಮ್ಮ ಅತ್ತೆ ಗದಗಿನ ಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದಾಗ ಬಾಗಿಲಿಗೆ ಹಲಗೆಯೇ ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಜನ ಬರುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಖಾನಾವಳಿ ಹಿರಿಯ ಭಾವನವರ ಪಾಲಿಗೆ ಹೋಯಿತು. ಸಾಗರಕ್ಕೆ ಹೊಸದಾಗಿ ರೈಲು ಬಂದಿದೆ, ಅಡಿಕೆ ಖರೀದಿಗೆ ನಮ್ಮ ಕಡೆಯ ವ್ಯಾಪಾರಿಗಳು ಹೋಗುತ್ತಾರೆ, ಅವರಿಗೆ ಅಲ್ಲಿ ರೊಟ್ಟಿ ಸಿಗುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ನಮ್ಮ ಯಜಮಾನರು ಗಂಟುಮೂಟೆ ಕಟ್ಟಿದರು. ನನ್ನ ತವರಿಗೆ, ಸಾಗರದಲ್ಲಿ ಖಾನಾವಳಿ ಇಡುತ್ತೇವೆ ಎಂದಷ್ಟೇ ಹೇಳಿ ಬಂದೆವು.

ಸ್ಟೇಷನ್ನಿನ ದಾರಿಯಲ್ಲಿ ಹೆಗಡೆಯವರೆಂಬ ತೋಟದವರ ಮನೆಯ ಮುಂಭಾಗ ಬಾಡಿಗೆಗೆ ಸಿಕ್ಕಿತು. ಹಿಂದಿನ ಅರ್ಧದಲ್ಲಿ ಅವರೇ ಇದ್ದರು. ಮೊದಲ ದಿನ ಅವರ ಹೆಂಡತಿ ಜಗಲಿಗೆ ಬಂದು "ಆಸರಿಗೆ ಎಂತ ಬೇಕು?" ಎಂದು ಕೇಳಿದರು. ನಾನು ಆಸರೆ ಎಂದು ತಿಳಿದು, "ಕೊಟ್ಟೀರಲ್ರೀ ತಾಯಿ, ಇನ್ನೇನ್ ಬೇಕ್ರಿ" ಎಂದು ಕೈಮುಗಿದೆ. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಒಂದು ತಂಬಿಗೆ ಮಜ್ಜಿಗೆ ತಂದಿಟ್ಟರು. ಬಂದವರಿಗೆ ಕುಡಿಯಲು ಕೊಡುವುದಕ್ಕೆ ಇಲ್ಲಿ ಆಸರಿ ಎನ್ನುತ್ತಾರಂತೆ. ಅವರು ನಮಗೆ ಎಷ್ಟೋ ಸಲ ಆಸರಿ ಕೊಟ್ಟರು. ನಮ್ಮ ಒಲೆಯ ಮೇಲಿನದನ್ನು ಮಾತ್ರ ಅವರು ಮುಟ್ಟುವಂತಿರಲಿಲ್ಲ. ಅದಕ್ಕೆ ನಾನು ಬೇಸರಪಟ್ಟವಳಲ್ಲ, ಎಲ್ಲ ಊರಲ್ಲೂ ಅದೇ. ಆದರೆ ಕನ್ನಡದ ಊರಿನಿಂದ ಕನ್ನಡದ ಊರಿಗೇ ಬಂದು, ಬಾಯಿ ತೆರೆದಾಗಲೆಲ್ಲ ಹೀಗೆ ಎಡವಬೇಕಾದೀತೆಂದು ಎಣಿಸಿರಲಿಲ್ಲ.

ನಮ್ಮ ಹಲಗೆಯ ಮಾತಿನಲ್ಲಿ ಏನು ತೊಡಕಿದೆ ಎಂದು ತಿಳಿಸಿದವರು ಪಕ್ಕದಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಖಾದರ್ ಸಾಬರು. ಒಂದು ಮಧ್ಯಾಹ್ನ ನಮ್ಮಲ್ಲಿ ರೊಟ್ಟಿ ಉಂಡು, ಕೈ ತೊಳೆದು, ಸಂಕೋಚದಿಂದಲೇ ಹೇಳಿದರು. "ನಿಮ್ಮ ಬೋರ್ಡಿಂದ ನಂಗೇ ತಾಪತ್ರಯ ಆಗಿದೆ ಅಮ್ಮ. ಖಾನಾವಳಿ ಅಂದ್ರೆ ಖಾನ್ ಸಾಹೇಬ್ರ ಹೋಟ್ಲು ಅಂದ್ಕೊಂಡಿದಾರೆ ಜನ. ನಿಮ್ಮವ್ರದ್ದಾ ಅದು, ಇವತ್ತೆಂತ ಮಾಡಿದಾರೆ ಅಂತ ನನ್ನ ಕೇಳ್ತಾರೆ."

ಅಷ್ಟು ದಿನದ ಒಗಟು ಬಿಡಿಸಿದಂತಾಯಿತು. ಮಾಂಸದೂಟ ಬೇಕಾದವರು ಆಸೆಯಿಂದ ಬಂದು ಸಿಟ್ಟಾಗಿ ಹೋಗುತ್ತಿದ್ದರು. ಬೇಡದವರು ಬಾಗಿಲ ಮುಂದೆ ತುದಿಗಾಲಲ್ಲಿ ನಡೆದಂತೆ ದಾಟಿ ಹೋಗುತ್ತಿದ್ದರು. ಕೋರ್ಟಿನ ಕೆಲಸಕ್ಕೆಂದು ಹೊಸನಗರದ ಕಡೆಯಿಂದ ಬಂದ ನಮ್ಮವರೇ, ಕೊರಳಲ್ಲಿ ಲಿಂಗ ಇದ್ದವರು, ಹಲಗೆ ನೋಡಿ ಮುಂದೆ ಹೋದದ್ದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ. ನಮ್ಮ ಕಡೆಯ ಅಡಿಕೆ ವ್ಯಾಪಾರಿಗಳು ಬರುತ್ತಿದ್ದುದು ಯಾವಾಗಲೋ ಒಬ್ಬಿಬ್ಬರು. ಬಡಿದಿಟ್ಟ ರೊಟ್ಟಿಗಳು ಸಂಜೆಗೆ ಬಿರುಸಾಗುತ್ತಿದ್ದವು. ನಾವಿಬ್ಬರೇ ಅವನ್ನು ಮುರಿದು ತಿನ್ನುತ್ತಿದ್ದೆವು.

ಯಜಮಾನರು ಹಲಗೆ ಇಳಿಸಿ, ಹೆಸರಿನ ಕೆಳಗೆ 'ಶುದ್ಧ ಶಾಕಾಹಾರ' ಎಂದು ಬರೆಸಿದರು. ಅದರಿಂದ ಕೆಡುಕೇ ಹೆಚ್ಚಾಯಿತು. ಹೆಗಡೆಯವರು ಕೊಡೆ ಮಡಿಚಿ ಜಗಲಿಯಲ್ಲಿ ನಿಂತು ಅದನ್ನು ಓದಿದರು. ಅವರ ನೆಂಟರೆಲ್ಲ, ಮನೆಯ ಮುಂದೆ ಕಟುಕರನ್ನು ಇಟ್ಟುಕೊಂಡಿದ್ದೀರಂತೆ ಎಂದು ಆಡಿಕೊಳ್ಳುತ್ತಿದ್ದಾರೆಂದು ನೊಂದುಕೊಂಡೇ ಹೇಳಿದರು. "ಶುದ್ಧ ಅಂತ ಬರ್ಸಿದ್ದು ನೋಡಿ ಜನ ಮತ್ತೂ ಅನುಮಾನ ಪಡ್ತಾರೆ. ನಮ್ಮನೆ ಬಾಗಿಲಿಗೆ ಶುದ್ಧ ಅಂತ ಬರ್ಸಿದೀನಾ ನಾನು?" ಲಿಂಗಾಯತರ ಊಟದ ಹೋಟೆಲ್ ಎಂದು ಬರೆಸಿಬಿಡಿ, ತಕರಾರೇ ಇರುವುದಿಲ್ಲ ಎಂದು ಅವರೇ ಸಲಹೆ ಕೊಟ್ಟರು.

ನಾನು ಒಪ್ಪಲಿಲ್ಲ. ಜಾತಿಯ ಹೆಸರು ಬರೆದರೆ ಉಳಿದವರು ಹೊಸ್ತಿಲು ತುಳಿಯುವುದಿಲ್ಲ. ಇದ್ದುದರಲ್ಲಿ ನಮಗೆ ಅನ್ನ ಕೊಡುತ್ತಿದ್ದವರೇ ಆ ಉಳಿದವರು, ಸ್ಟೇಷನ್ನಿನ ಹಮಾಲರು, ಗಾಡಿಯವರು. ಆದರೆ ನಿಜ ಹೇಳಬೇಕೆಂದರೆ ನನ್ನ ಹಟ ಆ ಲೆಕ್ಕಾಚಾರದ್ದಲ್ಲ. ಇಲ್ಲಿ ಜೋಳ ಬೆಳೆಯುವುದಿಲ್ಲ, ಕಟ್ಟಿಗೆ ಒಣಗುವುದಿಲ್ಲ, ಹೊತ್ತು ಹೋಗದಾಗ ಕೂತು ಮಾತಾಡಲು ಕಟ್ಟೆಗೆ ಒಬ್ಬ ಹೆಂಗಸೂ ಬರುವುದಿಲ್ಲ. ಎಲ್ಲವನ್ನೂ ಬಿಟ್ಟು ಬಂದಿದ್ದೆ, ಆ ಒಂದು ಮಾತನ್ನಾದರೂ ಉಳಿಸಿಕೊಳ್ಳಬೇಕೆಂದಿತ್ತು. ಯಜಮಾನರು ಬೇರೆ ಬೇರೆ ಹೆಸರು ತರುತ್ತಿದ್ದರು: ಅನ್ನಪೂರ್ಣ ಭೋಜನಾಲಯ, ಮಲೆನಾಡು ಊಟದ ಮನೆ, ಶರಾವತಿ ಹೋಟೆಲ್. ಯಾವುದು ಹೇಳಿದರೂ ನಾನು ಹಿಟ್ಟು ನಾದುತ್ತಲೇ ಇರುತ್ತಿದ್ದೆ. "ಹೆಸರು ನೆಕ್ಕಿದ್ರ ಹೊಟ್ಟಿ ತುಂಬತದೇನ?" ಎಂದು ಅವರು ಒಂದು ದಿನ ರೇಗಿದರು. "ನಿಮ್ಮವ್ವನ ಖಾನಾವಳಿ ಅನ್ನಾಕ ನಿಮಗ ನಾಚಿಕಿ ಬಂತೇನ್ರಿ?" ಎಂದು ನಾನೂ ಅಂದೆ.

ಕೊನೆಗೆ ಹೆಗಡೆಯವರು, ಹೆಸರು ಬದಲಿಸುವುದಾದರೆ ಇರಿ, ಇಲ್ಲವಾದರೆ ಮಳೆ ಹಿಡಿಯುವುದರೊಳಗೆ ಬೇರೆ ಜಾಗ ನೋಡಿಕೊಳ್ಳಿ ಎಂದರು. ಒಂದು ಸಂತೆಯ ದಿನ ನಾನು ಕಾಯಿಪಲ್ಯ ಹೊತ್ತು ಮನೆಗೆ ಬಂದಾಗ ಹಲಗೆ ಬದಲಾಗಿತ್ತು. 'ಬಸವೇಶ್ವರ ಊಟದ ಹೋಟೆಲ್.' ಖಾನಾವಳಿ ಎಂಬಲ್ಲಿ ಬಿಳಿ ಬಣ್ಣ ಬಳಿದು ಅದರ ಮೇಲೆ ಬರೆಸಿದ್ದರು. ಯಜಮಾನರು ಒಳಗೆ ಒಲೆ ಊದುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಅಂದು ರೊಟ್ಟಿ ಬಡಿಯಲಿಲ್ಲ. ಬರೇ ಅನ್ನ, ಸಾರು ಮಾಡಿಟ್ಟು, ಏನಾದರೂ ಮಾಡಿಕೊಳ್ಳಲಿ ಎಂದು ಹಿತ್ತಲಲ್ಲಿ ಕೂತೆ.

ಜನ ಬಂದರು. ಅಂದೂ ಬಂದರು, ಮರುದಿನವೂ ಬಂದರು. ಕೋರ್ಟಿಗೆ ಬಂದವರು, ಜೋಗ ನೋಡಲು ಹೊರಟವರು, ತೀರ್ಥಹಳ್ಳಿಯ ಬಸ್ಸು ಕಾಯುವವರು. ಅಡುಗೆ ಅದೇ, ಕೈ ಅದೇ, ಒಂದು ಮಾತು ಮಾತ್ರ ಬೇರೆ. ಗೆದ್ದೆವೆಂದು ಯಜಮಾನರು ಹಿಗ್ಗಿದರು. ಯಾರು ಗೆದ್ದರು, ಯಾರ ಮೇಲೆ ಗೆದ್ದರು ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಉರಿಯಲ್ಲೇ ಬಡಿಸಿದೆ. ಇಲ್ಲಿಯವರ ತಂಬುಳಿಯನ್ನೂ ಕಲಿತೆ. ಸೊಪ್ಪನ್ನು ಹುರಿದು ರುಬ್ಬಿ ಮಜ್ಜಿಗೆಗೆ ಕಲಸಿದರೆ ತಂಬುಳಿ. ನನ್ನದು ಚೆನ್ನಾಗಿದೆ ಎಂದು ಕೇಳಿ ಉಣ್ಣುವವರು ಈಗ ಇದ್ದಾರೆ.

ಹೋದ ಬೇಸಿಗೆಯಲ್ಲಿ ಯಜಮಾನರು ಜೋಳದ ಚೀಲ ಬಿಡಿಸಿಕೊಳ್ಳಲು ಸ್ಟೇಷನ್ನಿಗೆ ಹೋದಾಗ, ವಾಪಸು ಹೋಗುವ ರೈಲಿಗೆ ಕಾಯುತ್ತ ನನ್ನ ಸೋದರಮಾವ ಬೆಂಚಿನ ಮೇಲೆ ಕೂತಿದ್ದರು. ಯಜಮಾನರು ಅವರನ್ನು ಕೈಹಿಡಿದು ಕರೆತಂದರು. ಮಾವ ಹಿಂದಿನ ದಿನವೇ ಇಳಿದವರು. ನನ್ನನ್ನು ನೋಡುವುದಕ್ಕೆಂದೇ ಬಂದವರು. ಸ್ಟೇಷನ್ನಿನಲ್ಲಿ, ಪೇಟೆಯಲ್ಲಿ ಎಲ್ಲರನ್ನೂ ಕೇಳಿದ್ದಾರೆ. ನಮ್ಮ ಬಾಗಿಲ ಮುಂದೆಯೇ ಹಾದುಹೋಗಿದ್ದಾರೆ. ಅವ್ವ ನನಗೆಂದು ಕಟ್ಟಿಕೊಟ್ಟ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಗಂಟನ್ನು ಬಿಚ್ಚದೆ, ಬಾಳೆಹಣ್ಣು ತಿಂದು ಸ್ಟೇಷನ್ನಿನಲ್ಲೇ ಮಲಗಿದ್ದಾರೆ.

"ಖಾನಾವಳಿ ಎಲ್ಲೈತಿ ಅಂತ ಕೇಳೇ ಕೇಳಿದ್ನಿ ತಂಗಿ," ಎಂದರು. "ಈ ಊರಾಗ ಅಂಥಾದ್ದು ಇಲ್ಲ ಅಂದ್ರು. ಕೈಸೋತು ಎಲ್ಲೋ ದಾಟಿ ಹೋಗೀರಿ ಅಂದ್ಕೊಂಡ್ನಿ. ನಿಮ್ಮವ್ವಗ ಏನ್ ಹೇಳ್ಲಿ ಅಂತ ಕುಂತಿದ್ನಿ."

ಸ್ಟೇಷನ್ನಿನಲ್ಲಿ ಹಾಗೆ ಹೇಳಿದವನು ಯಾರೆಂದು ಮರುದಿನ ಗೊತ್ತಾಯಿತು. ದಿನವೂ ನಮ್ಮಲ್ಲೇ ಉಣ್ಣುವ ಹಮಾಲ ತಿಮ್ಮ. ಎಲೆ ಹಾಕಿ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ.

"ಇಲ್ವಲ್ಲಮ್ಮ," ಎಂದ. "ನಿಮ್ದು ಊಟದ ಹೋಟ್ಲಲ್ವಾ?"

ಅವನ ಎಲೆಗೆ ಅನ್ನ ಬಡಿಸಿದೆ.

ಮಾವ ಹೊರಟ ಮೇಲೆ ಯಜಮಾನರು ತಾವಾಗಿಯೇ, ಕೆಳಗೆ ಸಣ್ಣದಾಗಿ ಖಾನಾವಳಿ ಎಂದೂ ಬರೆಸೋಣವೇ, ಹೆಗಡೆಯವರು ಈಗ ಬೇಡವೆನ್ನಲಾರರು ಎಂದರು. ಅಷ್ಟು ಹಟ ಮಾಡಿದ್ದ ನಾನೇ ಬೇಡ ಎಂದೆ. ದಿನವೂ ಬಂದು ಉಣ್ಣುವವರ ಮುಖ ಕಣ್ಣ ಮುಂದೆ ಬಂತು, ಆ ಮಾತು ಕಂಡು ಅವರು ಮತ್ತೆ ಅನುಮಾನ ಪಟ್ಟಾರು ಎನಿಸಿತು. ಇಂದಿಗೂ ಬರೆಸಿಲ್ಲ. ರೈಲು ಬರುವ ಹೊತ್ತಿಗೆ ನಾನೇ ಬಾಗಿಲಿಗೆ ಬಂದು ನಿಲ್ಲುತ್ತೇನೆ. ದೊಡ್ಡ ರುಮಾಲು ಸುತ್ತಿದ ನಮ್ಮ ಕಡೆಯವರು ಕಂಡರೆ, "ಬರ್ರೀ, ಖಾನಾವಳಿ ಇಲ್ಲೈತ್ರೀ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತೇನೆ. ಅವರು ಚಪ್ಪಲಿ ಬಿಡುವಷ್ಟರಲ್ಲಿ ಒಳಗೆ ಕೂತವರ ಕಡೆ ತಿರುಗಿ, ಇಲ್ಲಿಯವರ ಮಾತಿನಲ್ಲೇ, "ಇನ್ನೊಂಚೂರು ತಂಬುಳಿ ಹಾಕ್ಲಾ?" ಎಂದು ಕೇಳುತ್ತಿರುತ್ತೇನೆ. ಹೊಸದಾಗಿ ಬಂದವರು ನನ್ನ ಮುಖ ನೋಡುತ್ತಾರೆ, ಕೂಗಿ ಕರೆದವಳು ಇವಳೇ ಹೌದೋ ಅಲ್ಲವೋ ಎಂದು.